ಹಳೆಯ ಕೊಡಲಿ, ಹೊಸ ಕಾವು

ಪಂಚಾಂಗವನ್ನಾಗಲಿ, ಅಡುಗೆಯ ಪುಸ್ತಕವನ್ನಾಗಲಿ, ರೈಲ್ವೆ ವೇಳಾಪಟ್ಟಿಯನ್ನಾಗಲಿ ನಾವು ಸಾಹಿತ್ಯವೆಂದು ಎಣಿಸುವುದಿಲ್ಲ. ಅವು ಕೆಲಸಕ್ಕೆ ಬರುವ ಬರಹಗಳು; ಕೆಲಸ ತೀರಿದ ಮೇಲೆ ಮೂಲೆ ಸೇರತಕ್ಕವು. ಹೀಗಿರುವಾಗ, ತುಕ್ಕು ಹಿಡಿದ ಕೊಡಲಿಯನ್ನು ಹಳೆಯ ಸಾಮಾನಿನ ರಾಶಿಯಿಂದ ಆರಿಸಿ ತಂದು, ತಿಕ್ಕಿ, ಕಾವು ಕೂಡಿಸಿ, ಮತ್ತೆ ಮರ ಕಡಿಯುವಂತೆ ಮಾಡುವುದು ಹೇಗೆಂದು ಹೇಳುವ ಸರ್ಕಾರಿ ಕೈಪಿಡಿಯೊಂದನ್ನು ಈ ಪುಟಕ್ಕೆ ತಂದು ಚರ್ಚಿಸಹೊರಟರೆ ವಾಚಕರು ಹುಬ್ಬೇರಿಸಬಹುದು. ಆದರೆ ಗದ್ಯದ ಗುಣವನ್ನು ಅಳೆಯಲು ಕಾದಂಬರಿ, ಪ್ರಬಂಧಗಳು ಮಾತ್ರವೇ ಒರೆಗಲ್ಲೆ? ಓದಿದವನ ಕೈ ಸರಿಯಾಗಿ ನಡೆಯಿತೆ ಇಲ್ಲವೆ ಎಂಬ ನಿಷ್ಠುರ ಪರೀಕ್ಷೆಗೆ ತನ್ನನ್ನು ಒಡ್ಡಿಕೊಳ್ಳುವ ಗದ್ಯ ಬೇರೆ ಯಾವುದುಂಟು? ಕವಿತೆ ಅರ್ಥವಾಗದಿದ್ದರೆ ಓದುಗ ತನ್ನನ್ನೇ ಹಳಿದುಕೊಳ್ಳುತ್ತಾನೆ. ಕೈಪಿಡಿ ಅರ್ಥವಾಗದಿದ್ದರೆ ಕೊಡಲಿಯ ತಲೆ ಕಾವಿನಿಂದ ಕಳಚಿ ಹಾರುತ್ತದೆ.

ಇಂಗ್ಲೆಂಡ್ ಅಮೆರಿಕಗಳಲ್ಲಿ ಹಳೆಯ ಕೈ ಉಪಕರಣಗಳನ್ನು ಹುಡುಕಿ ದುರಸ್ತು ಮಾಡುವುದು ಈಗ ಸಾಕಷ್ಟು ಬೆಳೆದ ಹವ್ಯಾಸ. ಹಳೆಯ ಸಾಮಾನಿನ ಸಂತೆಗಳಲ್ಲಿ, ಹಿರಿಯರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವ ಹರಾಜುಗಳಲ್ಲಿ, ಹಳ್ಳಿಯ ಕೊಟ್ಟಿಗೆಗಳ ಮೂಲೆಗಳಲ್ಲಿ ಕೊಡಲಿ, ಬಾಚಿ, ಉಳಿ, ಗರಗಸಗಳಿಗಾಗಿ ಅಲೆಯುವ ಜನರಿದ್ದಾರೆ. ಈ ಹವ್ಯಾಸದ ಸುತ್ತ ಒಂದು ಸಾಹಿತ್ಯವೂ ಬೆಳೆದಿದೆ. ಅದರಲ್ಲಿ ಮೂರು ಪುಸ್ತಕಗಳನ್ನು ಒಟ್ಟಿಗೆ ಓದುವುದು ಲಾಭಕರ. ಜಾರ್ಜ್ ಸ್ಟರ್ಟ್ ಬರೆದ ‘ದಿ ವೀಲ್‌ರೈಟ್ಸ್ ಷಾಪ್’ (1923) ಗಾಡಿ ಬಡಗಿಯ ಕಾರ್ಯಶಾಲೆಯ ನೆನಪು. ಎರಿಕ್ ಸ್ಲೋನ್ ಬರೆದು ಚಿತ್ರಿಸಿದ ‘ಎ ಮ್ಯೂಸಿಯಂ ಆಫ್ ಅರ್ಲಿ ಅಮೆರಿಕನ್ ಟೂಲ್ಸ್’ (1964) ಹಳೆಯ ಉಪಕರಣಗಳ ಚಿತ್ರಸಂಪುಟ. ಮೂರನೆಯದು ಬರ್ನಿ ವೈಸ್‌ಗರ್ಬರ್ ಬರೆದು ಅಮೆರಿಕದ ಅರಣ್ಯ ಸೇವೆ 1999ರಲ್ಲಿ ಮೊಂಟಾನಾ ಸಂಸ್ಥಾನದ ಮಿಸ್ಸೂಲಾದಿಂದ ಪ್ರಕಟಿಸಿದ ‘ಆನ್ ಆಕ್ಸ್ ಟು ಗ್ರೈಂಡ್’ ಎಂಬ ತೆಳ್ಳನೆಯ ಕೈಪಿಡಿ. ಮೊದಲನೆಯದು ಸಾಹಿತ್ಯವೆಂದು ಎಲ್ಲರೂ ಒಪ್ಪಿದ ಕೃತಿ, ಎರಡನೆಯದು ಬಹುಜನಪ್ರಿಯ, ಮೂರನೆಯದನ್ನು ಕೃತಿಯೆಂದು ಕರೆದವರೇ ಕಡಮೆ. ಹಳೆಯದನ್ನು ಉಳಿಸುವುದೆಂದರೇನು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ಶ್ರೇಣಿ ತಲೆಕೆಳಗಾಗುತ್ತದೆ ಎಂಬುದು ನನ್ನ ವಾದ.

ಸ್ಟರ್ಟ್‌ನಿಂದ ಆರಂಭಿಸೋಣ. ಇಂಗ್ಲೆಂಡಿನ ಸರ್ರೆ ಪ್ರಾಂತದ ಫಾರ್ನ್‌ಹ್ಯಾಮ್ ಎಂಬ ಊರಿನಲ್ಲಿ ಈತನ ಮನೆತನ ಗಾಡಿ ಕಟ್ಟುವ ಕಾರ್ಯಶಾಲೆಯನ್ನು ನಡೆಸುತ್ತಿತ್ತು. ತಂದೆಯ ತರುವಾಯ 1884ರಲ್ಲಿ ಅದು ಇವನ ಕೈಗೆ ಬಂತು. ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು ಬಡಗಿಗಳ ನಡುವೆ ಯಜಮಾನನಾಗಿ ನಿಂತ. ಯಜಮಾನನಾದರೂ ಕೆಲಸದಲ್ಲಿ ಅವನೇ ಎಲ್ಲರಿಗಿಂತ ಕಿರಿಯ. ಕೂಲಿಯಾಳುಗಳೇ ಅವನ ಗುರುಗಳು. ಚಕ್ರದ ಗುಂಬಕ್ಕೆ ಎಲ್ಮ್ ಮರ, ಅರೆಗಳಿಗೆ ಓಕ್ ಮರ, ಸುತ್ತಿನ ಪಟ್ಟಿಗೆ ಆಷ್ ಮರ ಏಕೆ ಬೇಕು, ಮರದ ದಿಮ್ಮಿಯನ್ನು ವರ್ಷಗಟ್ಟಲೆ ಏಕೆ ಒಣಗಿಸಬೇಕು, ಚಕ್ರ ತಟ್ಟೆಯಂತೆ ಒಳಕ್ಕೆ ಬಾಗಿರುವುದೇಕೆ, ಇವೆಲ್ಲವನ್ನು ಆತ ಕಲಿತ ಕ್ರಮದಲ್ಲಿಯೇ ನಮಗೂ ಕಲಿಸುತ್ತಾನೆ. ಕೊಡಲಿ ಮತ್ತು ಬಾಚಿ ಅವನ ಪುಸ್ತಕದಲ್ಲಿ ಗೋಡೆಗೆ ನೇತುಹಾಕಿದ ವಸ್ತುಗಳಲ್ಲ. ಮರದ ನಾರಿನೊಡನೆ ಮಾತನಾಡುವ ಸಾಧನಗಳು. ಮರ ಯಂತ್ರಕ್ಕೆ ಬರೀ ಗಾತ್ರ. ಕೊಡಲಿ ಹಿಡಿದ ಕೈಗೆ ಅದೊಂದು ಸ್ವಭಾವ. ಈ ಭೇದವನ್ನು ಸ್ಟರ್ಟ್‌ನಷ್ಟು ಸೂಕ್ಷ್ಮವಾಗಿ ಬರೆದವರು ವಿರಳ. 1916ರಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಬರೆದ ಪುಸ್ತಕವಿದು ಎಂಬುದನ್ನು ನೆನೆದರೆ, ಕೈಯ ಅರಿವನ್ನು ಕುರಿತ ಅದರ ಒಂದೊಂದು ಪುಟವೂ ಬೇರೆಯೇ ಭಾರವನ್ನು ಪಡೆಯುತ್ತದೆ.

ಆದರೂ ಇದು ಮೂಲತಃ ಚರಮಗೀತೆ. ತಾನು ಬಲ್ಲ ವಿದ್ಯೆ ಬೆರಳ ತುದಿಯಲ್ಲಿರುವಂಥದು, ಪುಸ್ತಕದಿಂದ ದಾಟಿಸಲಾಗದ್ದು ಎಂಬ ದೃಢವಾದ ನಂಬಿಕೆ ಅವನದು. ಆದ್ದರಿಂದ ಆತ ಬಣ್ಣಿಸುತ್ತಾನೆ, ಒಪ್ಪಿಸಿಕೊಡುವುದಿಲ್ಲ. ಎಫ್. ಆರ್. ಲೀವಿಸ್ ಮತ್ತು ಡೆನಿಸ್ ಥಾಂಪ್ಸನ್ 1933ರಲ್ಲಿ ಪ್ರಕಟಿಸಿದ ‘ಕಲ್ಚರ್ ಅಂಡ್ ಎನ್ವಿರಾನ್‌ಮೆಂಟ್’ ಎಂಬ ಪಠ್ಯದಲ್ಲಿ ಈ ಪುಸ್ತಕವನ್ನು ಕೈಗೆತ್ತಿಕೊಂಡು, ಇಗೋ ಯಂತ್ರಯುಗ ನುಂಗಿಹಾಕಿದ ಸಾವಯವ ಸಮಾಜ ಎಂದು ಸಾರಿದರು. ಮುಂದೆ ರೇಮಂಡ್ ವಿಲಿಯಮ್ಸ್ 1973ರ ‘ದಿ ಕಂಟ್ರಿ ಅಂಡ್ ದಿ ಸಿಟಿ’ಯಲ್ಲಿ ಇದಕ್ಕೆ ತಕ್ಕ ಉತ್ತರ ಕೊಟ್ಟ. ಪ್ರತಿಯೊಂದು ಪೀಳಿಗೆಯೂ ಸುಖದ ಕಾಲವನ್ನು ತನಗಿಂತ ತುಸು ಹಿಂದೆ ಕಾಣುತ್ತದೆ. ಆ ಹಿಂದಿನವರನ್ನು ಕೇಳಿದರೆ ಅವರು ಮತ್ತಷ್ಟು ಹಿಂದಕ್ಕೆ ಬೆರಳು ತೋರಿಸುತ್ತಾರೆ ಎಂಬುದು ಅವನ ವಾದದ ಸಾರ. ಸ್ಟರ್ಟ್‌ಗೆ ನ್ಯಾಯ ಸಲ್ಲಿಸಬೇಕಾದರೆ ಒಂದು ಮಾತು ಹೇಳಲೇಬೇಕು: ತನ್ನ ಕಾರ್ಯಶಾಲೆಗೆ ಯಂತ್ರಗಳನ್ನು ತಂದವನು ತಾನೇ ಎಂಬುದನ್ನು ಆತ ಮುಚ್ಚಿಡಲಿಲ್ಲ. ಹಿಂಬಾಲಕರಲ್ಲಿ ಕಾಣದ ಪ್ರಾಮಾಣಿಕತೆ ಮೂಲದಲ್ಲಿದೆ.

ಎರಿಕ್ ಸ್ಲೋನ್‌ನ ದಾರಿ ಬೇರೆ. ಈತ ಮೋಡಗಳನ್ನು ಚಿತ್ರಿಸಿ ಹೆಸರಾದ ಕಲಾವಿದ. ಉಪಕರಣಗಳನ್ನು ನೋಡುವುದೂ ಕಲಾವಿದನ ಕಣ್ಣಿನಿಂದಲೇ. ಅಮೆರಿಕದ ಕೊಡಲಿ ಯೂರೋಪಿನದಕ್ಕಿಂತ ಹೇಗೆ ಬೇರೆಯಾಯಿತೆಂಬುದನ್ನು ಅವನ ಲೇಖನಿಯ ಗೆರೆಗಳು ಒಂದು ಉಪನ್ಯಾಸಕ್ಕಿಂತ ಚೆನ್ನಾಗಿ ತಿಳಿಸುತ್ತವೆ. ಯೂರೋಪಿನಿಂದ ವಲಸೆ ಬಂದವರು ತಂದ ಕೊಡಲಿಗೆ ಎಲ್ಲ ಭಾರವೂ ಮುಂದಿನ ಅಲಗಿನಲ್ಲಿತ್ತು. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಕಮ್ಮಾರರು ತಲೆಯ ಹಿಂಬದಿಯನ್ನು ದಪ್ಪಮಾಡಿ, ಕಾವಿನ ಎರಡು ಕಡೆಗೂ ಭಾರ ಸಮನಾಗುವಂತೆ ಮಾಡಿದರು. ಬೀಸುವಾಗ ಹೊಯ್ದಾಡದ ಕೊಡಲಿ ಹುಟ್ಟಿದ್ದು ಹೀಗೆ. ಉಪಕರಣಗಳ ಹಿಡಿಗಳ ಮೇಲೆ ಮಾಲೀಕರು ಕೊರೆದ ಹೆಸರಿನ ಅಕ್ಷರಗಳು, ಇಸವಿಗಳು ಸ್ಲೋನ್‌ನ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಅವನ ಪಾಲಿಗೆ ಉಪಕರಣವೆಂದರೆ ಮನುಷ್ಯನ ಕೈಯ ಮುಂದುವರಿಕೆ.

ಈ ಪುಸ್ತಕ ಓದುವಾಗ ಸಂತೋಷವಾಗುತ್ತದೆ. ಓದಿಯಾದ ಮೇಲೆ ಒಂದು ಸಂಶಯ ಉಳಿಯುತ್ತದೆ. ಇಲ್ಲಿನ ಉಪಕರಣಗಳೆಲ್ಲ ಸುಂದರವಾಗಿವೆ, ನಿಶ್ಚಲವಾಗಿವೆ. ಹೆಸರಿನಲ್ಲೇ ‘ಮ್ಯೂಸಿಯಂ’ ಎಂಬ ಮಾತಿದೆ. ಐದು ವರ್ಷಗಳ ತರುವಾಯ, 1969ರಲ್ಲಿ, ಕನೆಕ್ಟಿಕಟ್‌ನ ಕೆಂಟ್‌ನಲ್ಲಿ ಸ್ಲೋನ್‌ನ ಸಂಗ್ರಹಕ್ಕೆ ನಿಜವಾದ ವಸ್ತುಸಂಗ್ರಹಾಲಯವೇ ಎದ್ದಿತು. ಅದಕ್ಕೆ ನೆಲ ಕೊಟ್ಟದ್ದು ಸ್ಟ್ಯಾನ್ಲಿ ವರ್ಕ್ಸ್ ಎಂಬ ಕಂಪೆನಿ; ಎಂದರೆ, ಕಾರ್ಖಾನೆಯಲ್ಲಿ ರಾಶಿರಾಶಿಯಾಗಿ ಉಪಕರಣ ತಯಾರಿಸುವ ಸಂಸ್ಥೆ, ಕೈಯಿಂದ ಮಾಡಿದ ಉಪಕರಣಗಳಿಗೆ ಗುಡಿ ಕಟ್ಟಲು ಜಾಗ ಕೊಟ್ಟಿತು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಗುಡಿ ಸೇರಿದ ಕೊಡಲಿ ಇನ್ನು ಮರ ಕಡಿಯುವುದಿಲ್ಲ. ಸ್ಟರ್ಟ್ ಉಪಕರಣಕ್ಕೆ ಶ್ರಾದ್ಧ ಮಾಡಿದರೆ ಸ್ಲೋನ್ ಪೂಜೆ ಮಾಡುತ್ತಾನೆ. ಎರಡೂ ಭಕ್ತಿಯ ಕೆಲಸಗಳೇ. ಆದರೆ ಎರಡರಲ್ಲಿಯೂ ಉಪಕರಣಕ್ಕೆ ವಿಶ್ರಾಂತಿ.

ಇನ್ನು ಮೂರನೆಯ ಪುಸ್ತಕ. ಇದು ಹುಟ್ಟಿದ್ದು ಹಳೆಯ ಕಾಲದ ಹಂಬಲದಿಂದಲ್ಲ, ಒಂದು ಕಾಯಿದೆಯಿಂದ. 1964ರ ಸೆಪ್ಟೆಂಬರ್ 3ರಂದು ಅಮೆರಿಕದಲ್ಲಿ ‘ವೈಲ್ಡರ್‌ನೆಸ್ ಆಕ್ಟ್’ ಎಂಬ ಶಾಸನಕ್ಕೆ ಅಂಕಿತ ಬಿತ್ತು. ಮೊದಲಿಗೆ ಸುಮಾರು 91 ಲಕ್ಷ ಎಕರೆ ಕಾಡು ಅದರ ರಕ್ಷಣೆಗೆ ಒಳಪಟ್ಟಿತು. ಅಂಥ ಕಾಡಿನೊಳಗೆ ಮೋಟಾರು ವಾಹನ ಮಾತ್ರವಲ್ಲ, ಮೋಟಾರಿನಿಂದ ನಡೆಯುವ ಉಪಕರಣವೂ ಸಾಮಾನ್ಯವಾಗಿ ನಿಷಿದ್ಧ. ಕಾಲುದಾರಿಗೆ ಅಡ್ಡವಾಗಿ ಬಿದ್ದ ಮರವನ್ನು ತೆಗೆಯಬೇಕಾದರೆ ಯಂತ್ರದ ಗರಗಸ ಹಿಡಿಯುವಂತಿಲ್ಲ. ಕೊಡಲಿ, ಇಬ್ಬರು ಎಳೆಯುವ ಉದ್ದ ಗರಗಸ, ಇವೇ ಗತಿ. ಯಂತ್ರದ ಗರಗಸ ಬಂದು ಕೊಡಲಿಯನ್ನು ಮೂಲೆಗೊತ್ತಿದ್ದ ಕಾಲದಲ್ಲೇ ಕಾನೂನು ಅದನ್ನು ಮತ್ತೆ ಕೈಗೆ ಕೊಟ್ಟಿತು. ವಿಚಿತ್ರವೆಂದರೆ, ಕನೆಕ್ಟಿಕಟ್‌ನ ಕಾಲಿನ್ಸ್‌ವಿಲ್‌ನಲ್ಲಿ 1826ರಿಂದ ಕೊಡಲಿ ತಯಾರಿಸುತ್ತಿದ್ದ ಕಾಲಿನ್ಸ್ ಕಂಪೆನಿ ಬಾಗಿಲು ಮುಚ್ಚಿದ್ದು ಇದಾದ ಎರಡೇ ವರ್ಷಕ್ಕೆ, 1966ರಲ್ಲಿ. ಕೊಡಲಿ ಬೇಕಾದಾಗ ಕೊಡಲಿಯ ಕಾರ್ಖಾನೆ ಇಲ್ಲ, ಕೊಡಲಿಯ ವಿದ್ಯೆ ಬಲ್ಲವರೂ ಮುದುಕರಾಗಿದ್ದಾರೆ. ಇಂಥ ಅಗತ್ಯದ ಉತ್ತರವೇ ಈ ಕೈಪಿಡಿ. ಮೊಂಟಾನಾದ ನೈನ್‌ಮೈಲ್ ಎಂಬಲ್ಲಿನ ತರಬೇತಿ ಕೇಂದ್ರದಲ್ಲಿ ದಾರಿಗೆಲಸದವರಿಗೆ ಹಳೆಯ ವಿದ್ಯೆ ಕಲಿಸುತ್ತಿದ್ದವರ ಅನುಭವ ಇದರ ಬೆನ್ನಿಗಿದೆ. ಸರ್ಕಾರಿ ಪ್ರಕಟಣೆಯಾದ್ದರಿಂದ ಇದು ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ.

ಇದರ ಗದ್ಯದ ಗುಣವೇನು? ಒಂದು ಸಂಗತಿಯಾದ ಮೇಲೆ ಮತ್ತೊಂದು, ನಡುವೆ ಜಾರುವ ಮಾತಿಲ್ಲ. ಇಂಥ ಗದ್ಯ ಕಲಿಸುವ ಪಾಠಗಳಲ್ಲಿ ಕೆಲವನ್ನು ನೋಡಿ. ಕೊಡಲಿಯ ಕಾವಿಗೆ ಅಮೆರಿಕದಲ್ಲಿ ಹಿಕರಿ ಮರ ಶ್ರೇಷ್ಠ. ಕಾವಿನ ತುದಿಯನ್ನು ಕಣ್ಣಿಗೆ ನೇರವಾಗಿ ಹಿಡಿದು ನೋಡಿದರೆ ಮರದ ವರ್ಷಗೆರೆಗಳು ಅಲಗಿನ ದಿಕ್ಕಿಗೆ ಸಮಾನವಾಗಿ ಓಡಬೇಕು. ಅಡ್ಡಲಾಗಿದ್ದರೆ ಪೆಟ್ಟಿಗೆ ಸೀಳುವ ಭಯ. ಮರ ಚೆನ್ನಾಗಿ ಒಣಗಿರಬೇಕು. ಹಸಿ ಇದ್ದರೆ ಮುಂದೆ ಕುಗ್ಗಿ ತಲೆ ಸಡಿಲವಾಗುತ್ತದೆ. ಸಡಿಲವಾದ ಕೊಡಲಿಯನ್ನು ನೀರಿನಲ್ಲಿ ನೆನೆಹಾಕುವ ಪದ್ಧತಿ ಅಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ನೀರು ಕುಡಿದ ಮರ ಉಬ್ಬಿ ಆ ದಿನಕ್ಕೆ ಬಿಗಿಯಾಗುತ್ತದೆ, ಆದರೆ ಕಬ್ಬಿಣಕ್ಕೆ ಒತ್ತಿ ನಾರು ನಲುಗಿ, ಒಣಗಿದಾಗ ಮೊದಲಿಗಿಂತ ಸಡಿಲವಾಗುತ್ತದೆ. ಕಾವನ್ನು ತಲೆಯೊಳಗೆ ಕೂಡಿಸುವಾಗ ತಲೆಯ ಮೇಲೆ ಬಡಿಯುವುದಲ್ಲ. ಕೊಡಲಿಯನ್ನು ತಲೆಕೆಳಗಾಗಿ ತೂಗಹಿಡಿದು ಕಾವಿನ ಬುಡಕ್ಕೆ ಕೊಡತಿಯಿಂದ ಹೊಡೆಯಬೇಕು. ಭಾರವಾದ ತಲೆ ತನ್ನ ಜಡತ್ವದಿಂದ ನಿಂತಲ್ಲೇ ನಿಲ್ಲುತ್ತದೆ, ಕಾವು ತಾನಾಗಿ ಅದರೊಳಕ್ಕೆ ಏರುತ್ತದೆ. ಆಮೇಲೆ ಬೆಣೆ. ಭೌತಶಾಸ್ತ್ರದ ಅಧ್ಯಾಪಕರು ಒಂದು ಗಂಟೆ ತೆಗೆದುಕೊಳ್ಳುವ ಪಾಠವನ್ನು ಒಂದು ಪೆಟ್ಟು ಹೇಳಿಬಿಡುತ್ತದೆ.

ಸಾಣೆಯ ಮಾತಿಗೆ ಬಂದಾಗ ಗದ್ಯ ಎಚ್ಚರಿಕೆಯ ಧ್ವನಿಯನ್ನು ತಾಳುತ್ತದೆ. ವೇಗವಾಗಿ ಸುತ್ತುವ ವಿದ್ಯುತ್ ಸಾಣೆಗೆ ಹಳೆಯ ಕೊಡಲಿಯನ್ನು ಒಡ್ಡಿದರೆ ಕ್ಷಣದಲ್ಲಿ ಅಲಗು ನೀಲಿಯಾಗುತ್ತದೆ. ಉಕ್ಕಿನ ಉಷ್ಣತೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂಬುದಕ್ಕೆ ಆ ನೀಲಿಯೇ ಸಾಕ್ಷಿ. ಅಲ್ಲಿಗೆ ಕಮ್ಮಾರ ಕೊಟ್ಟ ಹದ ಹೋಯಿತು. ಮತ್ತೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಆದ್ದರಿಂದ ಅರ ಹಿಡಿದು ಕೈಯಿಂದಲೇ ಉಜ್ಜಬೇಕು, ಕಡೆಗೆ ಕಲ್ಲಿನ ಮೇಲೆ ನುಣುಪು ಮಾಡಬೇಕು. ಕನ್ನಡದಲ್ಲಿ ಕೊಡಲಿಯ ಹಿಡಿಗೂ ಬೆಂಕಿಯ ಬಿಸಿಗೂ ‘ಕಾವು’ ಎಂಬ ಒಂದೇ ಮಾತು. ಒಂದು ಕಾವಿಲ್ಲದೆ ಕೊಡಲಿಯಿಲ್ಲ, ಇನ್ನೊಂದು ಕಾವು ಮಿತಿಮೀರಿದರೂ ಕೊಡಲಿಯಿಲ್ಲ.

ಇಂಗ್ಲಿಷಿನಲ್ಲಿ ಕೊಡಲಿಯ ಅಂಗಾಂಗಗಳಿಗಿರುವ ಹೆಸರುಗಳನ್ನು ನೋಡಿದರೆ ಭಾಷೆಯ ಮೇಷ್ಟ್ರಿಗೆ ಅಸೂಯೆಯಾಗುತ್ತದೆ. ಕಾವು ಹೊಗುವ ತೂತು ‘ಕಣ್ಣು’. ಅದರ ಎರಡು ಪಕ್ಕ ‘ಕೆನ್ನೆ’. ಅಲಗಿನ ಮೇಲುತುದಿ ‘ಕಾಲ್ಬೆರಳು’, ಕೆಳತುದಿ ‘ಹಿಮ್ಮಡಿ’. ಕಾವಿಗೆ ‘ಹೆಗಲು’, ‘ಹೊಟ್ಟೆ’, ‘ಗಂಟಲು’. ಕೈ ಜಾರದಂತೆ ಬಾಗಿಸಿದ ಬುಡಕ್ಕೆ ‘ಜಿಂಕೆಮರಿಯ ಪಾದ’. ಅಲಗಿಗೆ ಅವರು ಇಟ್ಟ ಹೆಸರು ಕಚ್ಚುವುದೆಂಬ ಕ್ರಿಯಾಪದದಿಂದ ಬಂದದ್ದು. ನಾವೂ ಕತ್ತಿ ಕೊಡಲಿಗಳ ಹರಿತವಾದ ಅಂಚನ್ನು ‘ಬಾಯಿ’ ಎನ್ನುತ್ತೇವಲ್ಲವೆ? ಅವರಿಗೆ ಕಚ್ಚು, ನಮಗೆ ಬಾಯಿ, ಕಲ್ಪನೆ ಒಂದೇ. ಇದು ಕವಿಗಳು ಕಟ್ಟಿದ ರೂಪಕವಲ್ಲ, ದುಡಿಯುವವರು ಕಟ್ಟಿದ್ದು. ಆದ್ದರಿಂದಲೇ ಸವೆದಿದ್ದರೂ ಇನ್ನೂ ಮುರಿದಿಲ್ಲ.

ಹಳೆಯ ಉಪಕರಣದ ಜೀರ್ಣೋದ್ಧಾರಕ್ಕೂ ನಮ್ಮ ಗ್ರಂಥಸಂಪಾದನೆಗೂ ಇರುವ ಹೋಲಿಕೆ ಇಲ್ಲಿ ನೆನಪಿಗೆ ಬರುತ್ತದೆ. ಹಳೆಯ ತಾಳೆಯ ಗರಿಯನ್ನು ಕೈಗೆತ್ತಿಕೊಂಡವನು ಮೊದಲು ಧೂಳು ಒರೆಸಿ, ಎಣ್ಣೆ ಸವರಿ, ಕಪ್ಪು ಹಚ್ಚಿ ಅಕ್ಷರಗಳನ್ನು ಕಣ್ಣಿಗೆ ಕಾಣಿಸುತ್ತಾನೆ. ಆಮೇಲೆ ಪಾಠ. ಲಿಪಿಕಾರನ ತಪ್ಪು ಯಾವುದು, ಕವಿಯ ಪ್ರಯೋಗ ಯಾವುದು ಎಂದು ವಿವೇಚಿಸದೆ ತಿದ್ದಿದರೆ ಗ್ರಂಥ ಕೆಡುತ್ತದೆ. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಈ ವಿವೇಕವನ್ನೇ ಶಾಸ್ತ್ರವಾಗಿ ನಿರೂಪಿಸಿದರು. ಕೊಡಲಿಯ ವಿಷಯದಲ್ಲಿಯೂ ಹಾಗೆಯೆ. ಕೆಂಪು ತುಕ್ಕು ಕಬ್ಬಿಣವನ್ನು ತಿನ್ನುವ ರೋಗ, ಅದನ್ನು ತೆಗೆಯಲೇಬೇಕು. ಒಂದು ಹಗಲು ರಾತ್ರಿ ವಿನಿಗರ್‌ನಲ್ಲಿ ನೆನೆಸಿ, ಉಜ್ಜಿ, ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿದರೆ ಬಹುಮಟ್ಟಿಗೆ ಹೋಗುತ್ತದೆ. ಆದರೆ ಅದರಡಿ ಕಾಣುವ ಕಪ್ಪುಕಂದು ಬಣ್ಣ ರೋಗವಲ್ಲ. ವರ್ಷಗಳ ಗಾಳಿ, ಎಣ್ಣೆ, ಬೆವರು ಸೇರಿ ಕಟ್ಟಿದ ಚರ್ಮ. ಅದನ್ನೂ ಕೆರೆದು ಕನ್ನಡಿಯಂತೆ ಹೊಳೆಯಿಸುವ ಉತ್ಸಾಹಿಗಳು ತಯಾರಕನ ಮುದ್ರೆಯನ್ನೂ ಸುತ್ತಿಗೆಯ ಗುರುತನ್ನೂ ಒಟ್ಟಿಗೆ ಅಳಿಸಿಬಿಡುತ್ತಾರೆ. ಶಿಲ್ಪದ ಮೇಲೆ ಸುಣ್ಣ ಬಳಿದು ಜೀರ್ಣೋದ್ಧಾರವಾಯಿತೆಂದು ಹಿಗ್ಗುವ ನಮ್ಮ ಧರ್ಮದರ್ಶಿಗಳಿಗೂ ಇವರಿಗೂ ವ್ಯತ್ಯಾಸ ಸ್ವಲ್ಪ.

ಕೊಳ್ಳುವ ಮೊದಲು ಓದಬೇಕಾದ ‘ಪಾಠ’ವೂ ಕೊಡಲಿಯ ಮೇಲೆಯೇ ಇರುತ್ತದೆ. ಹಿಂಬದಿ ಅಣಬೆಯಂತೆ ಅರಳಿದ್ದರೆ ಯಾರೋ ಅದನ್ನು ಸುತ್ತಿಗೆಯಾಗಿ ಬಳಸಿದ್ದಾರೆ, ಕಣ್ಣು ಅಗಲವಾಗಿ ಸೀಳುಬಿಟ್ಟಿರಬಹುದು. ಅಲಗಿನ ಒಂದು ಮೂಲೆ ಸವೆದು ದುಂಡಗಾಗಿದ್ದರೆ ಹಿಂದಿನ ಒಡೆಯ ನೆಲಕ್ಕೆ ತಾಗಿಸುತ್ತಿದ್ದ, ಅಥವಾ ಒಂದೇ ಕಡೆ ಮಸೆಯುತ್ತಿದ್ದ. ಹಳೆಯ ಕೊಡಲಿಗಳಲ್ಲಿ ಅನೇಕವು ಮೆತ್ತನೆಯ ಕಬ್ಬಿಣದ ಮೈಗೆ ಉಕ್ಕಿನ ಅಂಚನ್ನು ಬೆಸೆದಂಥವು. ಆ ಉಕ್ಕು ಪೂರ್ತಿ ಸವೆದಿದ್ದರೆ ಎಷ್ಟು ತಿಕ್ಕಿದರೂ ಗೋಡೆಯ ಅಲಂಕಾರವಷ್ಟೆ. ಕಾವಿಗೆ ಹಳೆಯ ಬಣ್ಣ ಬಳಿದಿದ್ದರೆ ಅದರಲ್ಲಿ ಸೀಸವಿರಬಹುದು. ಅದನ್ನು ಒಣಗಿದಂತೆಯೇ ಉಜ್ಜಿ ಪುಡಿಯನ್ನು ಉಸಿರಾಡಬಾರದು. ಕಾವಿಗೆ ಅಗಸೆ ಎಣ್ಣೆ ಸವರಿದ ಬಟ್ಟೆಯನ್ನು ಮುದುರಿ ಮೂಲೆಗೆಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ ಒಣಗಿಸಬೇಕು.

ಇಷ್ಟಾದರೂ ಗ್ರಂಥಸಂಪಾದನೆಯ ಹೋಲಿಕೆ ಒಂದು ಹಂತದಲ್ಲಿ ಕೈಬಿಡುತ್ತದೆ. ಶುದ್ಧಪಾಠವನ್ನು ಎಷ್ಟು ಜನ ಓದಿದರೂ ಅದು ಸವೆಯುವುದಿಲ್ಲ. ಕೊಡಲಿ ಹಾಗಲ್ಲ. ಪ್ರತಿ ಸಾಣೆಗೂ ಒಂದಿಷ್ಟು ಉಕ್ಕು ಹೋಗುತ್ತದೆ. ಉಪಯೋಗಿಸಿದರೆ ಸವೆಯುತ್ತದೆ, ಉಪಯೋಗಿಸದಿದ್ದರೆ ಕೊಡಲಿಯಾಗಿ ಉಳಿಯುವುದಿಲ್ಲ. ಹಳೆಯದನ್ನು ಪ್ರೀತಿಸುವವರೆಲ್ಲ ಎದುರಿಸಬೇಕಾದ ಸಂಕಟವಿದು. ಇಂಗ್ಲಿಷರಲ್ಲಿ ಒಂದು ಹಾಸ್ಯದ ಮಾತಿದೆ: ‘ಇದು ನಮ್ಮಜ್ಜನ ಕೊಡಲಿ, ತಲೆ ಎರಡು ಸಲ ಬದಲಾಗಿದೆ, ಕಾವು ಮೂರು ಸಲ ಬದಲಾಗಿದೆ, ಅಷ್ಟೆ.’ ಸಂಗ್ರಾಹಕನಿಗೆ ಇದು ನಗೆಯ ಮಾತು. ಕೈಪಿಡಿಯ ದೃಷ್ಟಿಯಲ್ಲಿ ಇದು ಸರಳ ಸತ್ಯ. ಕಾವು ಇರುವುದೇ ಬದಲಾಗಲೆಂದು. ತಲೆಯೂ ಸವೆದೇ ತೀರಬೇಕು. ಅಜ್ಜನಿಂದ ಮೊಮ್ಮಗನಿಗೆ ನಿಜವಾಗಿ ಬಂದದ್ದು ಕಾವು ಕೂಡಿಸುವ ರೀತಿ, ಹಿಡಿಯುವ ರೀತಿ, ಮಸೆಯುವ ರೀತಿ. ಸಂಪ್ರದಾಯವೆಂಬ ಮಾತಿಗೆ ಒಪ್ಪಿಸಿಕೊಡುವುದು ಎಂದೇ ಅರ್ಥ. ಸ್ಟರ್ಟ್ ಸಂಪ್ರದಾಯವನ್ನು ವರ್ಣಿಸಿದ, ಸ್ಲೋನ್ ಅದನ್ನು ಪ್ರದರ್ಶಿಸಿದ; ಒಪ್ಪಿಸಿಕೊಡುವ ಕೆಲಸ ಮಾಡಿದ್ದು ಈ ಬಡ ಕೈಪಿಡಿ. ಆದ್ದರಿಂದಲೇ ಮೂರರಲ್ಲಿ ಇದಕ್ಕೆ ಹಿರಿಯ ಸ್ಥಾನವೆಂದು ನಾನು ಹೇಳುವುದು.

ಹಾಗೆಂದು ಕೈಪಿಡಿಯನ್ನು ಹೊಗಳಿ ಕೈತೊಳೆದುಕೊಳ್ಳುವಂತಿಲ್ಲ. ಇದರ ಹೆಸರಿನಲ್ಲಿ ಒಂದು ಶ್ಲೇಷೆಯಿದೆ. ‘ಸಾಣೆ ಹಿಡಿಯಬೇಕಾದ ಕೊಡಲಿಯೊಂದಿದೆ’ ಎಂದರೆ ಇಂಗ್ಲಿಷಿನ ನುಡಿಗಟ್ಟಿನಲ್ಲಿ ಒಳಗೊಂದು ಸ್ವಾರ್ಥವಿದೆ ಎಂದು ಅರ್ಥ. ಲೇಖಕ ಅದನ್ನು ನಗುತ್ತ ಬಳಸಿಕೊಂಡಿದ್ದಾನೆ. ಆದರೆ ಸಾಣೆ ಹಿಡಿದವರ ಕಥೆ ನಗುವಂಥದಲ್ಲ. ಕಾಲಿನ್ಸ್ ಕಂಪೆನಿಗೆ ಹೆಸರು ಬಂದದ್ದು ಕೊಡಲಿಗಳನ್ನು ಕಾರ್ಖಾನೆಯಲ್ಲೇ ಸಾಣೆ ಹಿಡಿದು, ಕೊಂಡವನು ಆ ಕ್ಷಣವೇ ಬಳಸುವಂತೆ ಮಾರಿದ್ದರಿಂದ. ಅದಕ್ಕೆ ಮೊದಲು ಕೊಂಡವನೇ ಮಸೆದುಕೊಳ್ಳಬೇಕಾಗಿತ್ತು. ಕೊಂಡವನ ಶ್ರಮ ಉಳಿಯಿತು. ಆ ಶ್ರಮ ಹೋದದ್ದೆಲ್ಲಿಗೆ? ಮರಳುಗಲ್ಲಿನ ದೊಡ್ಡ ಚಕ್ರಗಳ ಮುಂದೆ ದಿನವಿಡೀ ಬಾಗಿ ಕುಳಿತ ಕೂಲಿಕಾರರ ಎದೆಗೆ. ಕಲ್ಲಿನ ನುಣುಪು ಪುಡಿ ಶ್ವಾಸಕೋಶದಲ್ಲಿ ಕೂತು ಉಸಿರನ್ನು ಕಟ್ಟಿಸುತ್ತಿತ್ತು. 1920ರ ಆಸುಪಾಸಿನಲ್ಲಿ ಅಮೆರಿಕದ ಕೊಡಲಿ ಕಾರ್ಖಾನೆಯೊಂದರಲ್ಲಿ ನಡೆದ ವೈದ್ಯಕೀಯ ತನಿಖೆಗಳು ಸಾಣೆಗಾರರಲ್ಲಿ ಕ್ಷಯ ಎಷ್ಟು ಹೆಚ್ಚೆಂಬುದನ್ನು ಬೆಳಕಿಗೆ ತಂದವು. ಇಂದು ಹಳೆಯ ಕೊಡಲಿಯ ಮೇಲೆ ಕಂಪೆನಿಯ ಮುದ್ರೆಯನ್ನು ಕಂಡು ಹಿಗ್ಗುವವರಿಗೆ ಆ ಮುದ್ರೆಯ ಕೆಳಗೆ ಇನ್ನೊಂದು ಹೆಸರು ಇರಬೇಕಾಗಿತ್ತೆಂಬುದು ತೋಚುವುದೆ?

ಈ ಇಡೀ ಸಾಹಿತ್ಯದಲ್ಲಿ ತನ್ನ ಹೆಸರನ್ನು ಉಪಕರಣಕ್ಕೆ ಅಂಟಿಸಿ ಹೋದ ದುಡಿಮೆಗಾರ ವಿರಳ. ಅಂಥವನೊಬ್ಬ ಎಡ್ ಪುಲಾಸ್ಕಿ. 1910ರ ಆಗಸ್ಟ್ 20 ಮತ್ತು 21ರಂದು ಐಡಹೊ, ಮೊಂಟಾನಾಗಳ ಕಾಡುಗಳಲ್ಲಿ ಹಬ್ಬಿದ ಮಹಾಜ್ವಾಲೆಯಲ್ಲಿ ಈ ಅರಣ್ಯಪಾಲಕ ಸುಮಾರು 45 ಮಂದಿಯನ್ನು ಹಳೆಯ ಗಣಿಯ ಸುರಂಗಕ್ಕೆ ನುಗ್ಗಿಸಿ, ಬಹುಪಾಲು ಜನರನ್ನು ಉಳಿಸಿದ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿಯಂಥ ಅಲಗು ಇರುವ, ಕಾಡ್ಗಿಚ್ಚಿನವರು ಇಂದಿಗೂ ಹಿಡಿಯುವ ಉಪಕರಣ ಅವನ ಹೆಸರಿನಲ್ಲಿದೆ. ಒಬ್ಬನ ಹೆಸರು ಉಳಿಯಿತು, ಒಳ್ಳೆಯದೇ. ಸಾಣೆಗಾರರು ಮಾತ್ರ ಹೆಸರಿಲ್ಲದೆ ಹೋದರು. ಕೈಪಿಡಿ ‘ಹೇಗೆ’ ಎಂಬುದನ್ನು ಎಷ್ಟು ಚೆನ್ನಾಗಿ ಬಲ್ಲುದೋ ‘ಯಾರು’ ಎಂಬುದನ್ನು ಅಷ್ಟೇ ಕಡಮೆ ಕೇಳುತ್ತದೆ. ಈ ಒಂದು ವಿಷಯದಲ್ಲಿ ತನ್ನ ಆಳುಗಳ ಮುಖಗಳನ್ನು ಬಲ್ಲ ಸ್ಟರ್ಟ್ ಅದಕ್ಕಿಂತ ದೊಡ್ಡವನು.

ಇನ್ನೊಂದು ಮೌನವನ್ನೂ ಗಮನಿಸಬೇಕು. ಅಮೆರಿಕದ ಕೊಡಲಿಯ ಸ್ತುತಿಯಲ್ಲಿ ಕಡಿದುಹೋದ ಕಾಡಿನ ಲೆಕ್ಕ ಬರುವುದು ಕಡಮೆ. ಆ ಕಾಡುಗಳಲ್ಲಿ ಮೊದಲಿನಿಂದ ಬಾಳಿದ್ದ ಜನರ ಲೆಕ್ಕ ಇನ್ನೂ ಕಡಮೆ. ನಮ್ಮ ಹಿರಿಯರು ಈ ವಿಷಯದಲ್ಲಿ ಭ್ರಮೆ ಇಟ್ಟುಕೊಂಡಿರಲಿಲ್ಲ. ‘ಕೊಡಲಿಯ ಕಾವು ಕುಲಕ್ಕೆ ಮೃತ್ಯು’ ಎಂದು ನಾಲ್ಕು ಮಾತಿನಲ್ಲಿ ಮುಗಿಸಿದರು. ಮರದಿಂದಲೇ ಬಂದ ಕಾವು ಮರಗಳಿಗೇ ಯಮನಾಗುತ್ತದೆ. ಕಡಿಯುವ ಸಾಧನವೇ ಇಂದು ಕಾಪಾಡಬೇಕಾದ ಕಾಡಿನ ದಾರಿಯನ್ನು ಸದ್ದಿಲ್ಲದೆ ತೆರವುಮಾಡುವ ಸಾಧನವಾಗಿದೆ ಎಂಬುದು ಈ ಗಾದೆಗೆ ಇತಿಹಾಸ ಬರೆದ ವಿಚಿತ್ರ ಟೀಕೆ.

ಈ ಪುಸ್ತಕಗಳನ್ನು ಓದುವ ಕನ್ನಡಿಗನಿಗೆ ಕಡೆಗೆ ತನ್ನ ಭಾಷೆಯ ಕಡೆ ನೋಡದೆ ವಿಧಿಯಿಲ್ಲ. ಹಳೆಯ ಉಪಕರಣಗಳು ನಮ್ಮ ಪಟ್ಟಣಗಳ ಗುಜರಿ ಅಂಗಡಿಗಳಲ್ಲಿಯೂ ಬಿದ್ದಿವೆ. ಅಲ್ಲಿ ಅವಕ್ಕೆ ತೂಕದ ಬೆಲೆ. ಅವುಗಳ ಹೆಸರುಗಳಿಗೆ ಆ ಬೆಲೆಯೂ ಇಲ್ಲ. ತರಗತಿಯಲ್ಲಿ ‘ಬಾಚಿ’ ಎಂದರೆ ತಲೆ ಬಾಚುವುದೆಂದೇ ತಿಳಿಯುವ ಹುಡುಗರಿಗೆ ಅದು ಬಡಗಿಯ ಉಪಕರಣವೆಂದು ವಿವರಿಸಬೇಕಾಗುತ್ತದೆ. ಕುಲುಮೆ, ತಿದಿ, ಅಡಿಗಲ್ಲು, ಅರ, ಬೆಣೆ, ಕೊಡತಿ, ಇವು ನಿಘಂಟಿನಲ್ಲಿ ಸುಖವಾಗಿ ಮಲಗಿವೆ. ಕಾವಿಗೆ ಹಿಕರಿ ಏಕೆ ಬೇಕೆಂದು ಅಮೆರಿಕದವರು ಬರೆದಿಟ್ಟಿದ್ದಾರೆ; ನಮ್ಮ ಕಾಡಿನ ದಿಂಡಿಗ, ತಡಸಲು ಮರಗಳು ಉಪಕರಣದ ಹಿಡಿಗೆ ಏಕೆ ಒಳ್ಳೆಯವೆಂದು ಬಲ್ಲವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ, ಬರೆದವರು ಎಷ್ಟು ಮಂದಿ? ನಮ್ಮ ಗದ್ಯ ಭಾವವನ್ನು ಬಣ್ಣಿಸುವುದರಲ್ಲಿ ಪಳಗಿದೆ, ವಾದ ಹೂಡುವುದರಲ್ಲಿ ನುರಿತಿದೆ. ಒಂದು ಬೆಣೆಯನ್ನು ಎಲ್ಲಿ, ಎಷ್ಟು ಆಳಕ್ಕೆ, ಯಾವ ದಿಕ್ಕಿನಲ್ಲಿ ಬಡಿಯಬೇಕೆಂದು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳು ಎಂದರೆ ತಡವರಿಸುತ್ತದೆ. ದೋಷ ಭಾಷೆಯದಲ್ಲ, ಬಾಚಿ ಹಿಡಿದ ಕೈಗೂ ಲೇಖನಿ ಹಿಡಿದ ಕೈಗೂ ನಡುವೆ ಜಾತಿ ಮತ್ತು ವಿದ್ಯೆ ಎಬ್ಬಿಸಿದ ಗೋಡೆಯದು. ಬಲ್ಲವರಿಗೆ ಬರೆಯುವ ಅವಕಾಶ ಸಿಗಲಿಲ್ಲ. ಬರೆಯುವವರು ಬಲ್ಲವರನ್ನು ಕೇಳಲಿಲ್ಲ.

ಕೇಳುವುದಕ್ಕೆ ಕಾಲ ಇನ್ನೂ ಮೀರಿಲ್ಲ. ಅಮೆರಿಕದವರು ಕಾರ್ಖಾನೆ ಮುಚ್ಚಿದ ಮೂರು ದಶಕಗಳ ಮೇಲೆ ಮುದುಕರನ್ನು ಕೇಳಿ ಒಂದು ತೆಳ್ಳನೆಯ ಪುಸ್ತಕ ಮಾಡಿಕೊಂಡರು, ಅದರಿಂದ ಕೊಡಲಿಗಳು ಮತ್ತೆ ಕೆಲಸಕ್ಕೆ ಬಂದವು. ನಮ್ಮಲ್ಲಿ ಕುಲುಮೆಗಳು ಇನ್ನೂ ಪೂರ್ತಿ ಆರಿಲ್ಲ. ಅವುಗಳ ಮುಂದೆ ಕುಳಿತು, ಕಮ್ಮಾರನ ಮಾತನ್ನು ಅವನ ಮಾತಿನಲ್ಲೇ, ಅವನ ಹೆಸರಿನಲ್ಲೇ ಬರೆದುಕೊಳ್ಳುವ ಒಬ್ಬ ತಾಳ್ಮೆಯ ಲೇಖಕ ಕನ್ನಡಕ್ಕೆ ಬೇಕಾಗಿದ್ದಾನೆ. ಅವನ ಪುಸ್ತಕಕ್ಕೆ ಬಹುಮಾನ ಬರಲಾರದು, ಬಹುಶಃ ವಿಮರ್ಶೆಯೂ ಬರಲಾರದು. ಅದನ್ನು ಓದಿ ಯಾರಾದರೊಬ್ಬರು ಸಡಿಲವಾದ ಕೊಡಲಿಯ ತಲೆಯನ್ನು ಬಿಗಿಮಾಡಿಕೊಂಡರೆ, ಗದ್ಯಕ್ಕೆ ಅದಕ್ಕಿಂತ ಹೆಚ್ಚಿನ ಪ್ರಶಂಸೆ ಬೇಕೆ?